ಒಂಟಿಕಾಲಿನಲ್ಲಿ ನಿಂತಾಗ ಪಾದದ ಗಂಟು ನಡುಗುವುದೇಕೆ? ಸಮತೋಲ ಕಾಯುವ ಸ್ನಾಯುಗಳ ಬಗ್ಗೆ ತಿಳಿದವರು ಹೇಳಿ

ತೋಟದ ದಾರಿ, ಸಿರ್ಸಿ ತಾಲೂಕು

ಎಲ್ಲರಿಗೂ ನಮಸ್ಕಾರ. ಹೋದ ಮಳೆಗಾಲದಲ್ಲಿ ತೋಟದಲ್ಲಿ ಜಾರಿ ನನ್ನ ಬಲಗಾಲಿನ ಪಾದದ ಗಂಟು ಉಳುಕಿತ್ತು. ಬಾವು ಇಳಿದು, ನೋವು ಹೋಗಿ ತಿಂಗಳುಗಳೇ ಕಳೆದಿವೆ. ಸೊಪ್ಪಿನ ಹೊರೆ ಹೊತ್ತು ದಿಬ್ಬ ಹತ್ತಲು ಯಾವ ತೊಂದರೆಯೂ ಇಲ್ಲವಾದ್ದರಿಂದ ಕಾಲಿನ ಶಕ್ತಿ ಕುಂದಿದೆ ಎನ್ನುವಂತಿಲ್ಲ. ಆದರೆ ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ದಾಟುವಾಗ ಬಲಗಾಲಿನ ಮೇಲೆ ಭಾರ ಬಿದ್ದ ಕೂಡಲೇ ಮೈ ವಾಲಿದಂತಾಗುತ್ತದೆ. ಅಂಗಳದಲ್ಲಿ ಬರಿಗಾಲಿನಲ್ಲಿ ಪರೀಕ್ಷಿಸಿದಾಗ, ಎಡಗಾಲಿನಲ್ಲಿ ನಿರಾಯಾಸವಾಗಿ ನಿಲ್ಲುವ ನಾನು ಬಲಗಾಲಿನಲ್ಲಿ ನಿಂತರೆ ಗಂಟಿನ ಸುತ್ತ ಇರುವ ಹುರಿಗಳೆಲ್ಲ ಒಂದಾದ ಮೇಲೊಂದು ಎದ್ದು ಕುಣಿಯುವುದು ಕಣ್ಣಿಗೆ ಕಾಣುತ್ತದೆ. ಕಣ್ಣು ಮುಚ್ಚಿದರಂತೂ ಎರಡೂ ಕಾಲಿನ ಕಥೆ ಒಂದೇ, ಕೂಡಲೇ ಇನ್ನೊಂದು ಕಾಲು ಊರಬೇಕಾಗುತ್ತದೆ.

ಭಾರ ಹೊರಬಲ್ಲ ಕಾಲಿಗೆ ಸುಮ್ಮನೆ ನಿಲ್ಲುವುದು ಏಕೆ ಕಷ್ಟವಾಗುತ್ತದೆ? ನಿಲ್ಲಿಸುವ ಕೆಲಸವನ್ನು ನಿಜವಾಗಿ ಮಾಡುವ ಸ್ನಾಯುಗಳು ಯಾವುವು? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕಡಲ ದಂಡೆ, ಕಾರವಾರ

ಫಿಸಿಯೋಥೆರಪಿ ನನ್ನ ವೃತ್ತಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗ ಇದೆ. ಭಾರ ಹೊರುವ ಶಕ್ತಿ ಮತ್ತು ನಿಲ್ಲುವ ಶಕ್ತಿ ಒಂದೇ ಅಲ್ಲ. ಮೊದಲನೆಯದಕ್ಕೆ ಸ್ನಾಯು ಎಷ್ಟು ಬಲವಾಗಿ ಎಳೆಯಬಲ್ಲದು ಎನ್ನುವುದು ಮುಖ್ಯ. ಎರಡನೆಯದಕ್ಕೆ ಎಷ್ಟು ಬೇಗ, ಎಷ್ಟು ಅಳೆದು ಎಳೆಯಬಲ್ಲದು ಎನ್ನುವುದು ಮುಖ್ಯ.

ನೆಟ್ಟಗೆ ನಿಂತ ಮನುಷ್ಯನ ಗುರುತ್ವ ಕೇಂದ್ರ ಹೊಕ್ಕುಳಿಗಿಂತ ತುಸು ಕೆಳಗೆ, ಬೆನ್ನುಮೂಳೆಯ ಬುಡದ ಮುಂದೆ ಇರುತ್ತದೆ. ಅಲ್ಲಿಂದ ಒಂದು ತೂಗುಗುಂಡು ಇಳಿಬಿಟ್ಟರೆ ಅದು ಪಾದದ ಗಂಟಿನ ಮೇಲೆ ಬೀಳದೆ, ಅದಕ್ಕಿಂತ ಕೆಲವು ಸೆಂಟಿಮೀಟರ್ ಮುಂದೆ ಬೀಳುತ್ತದೆ. ಅಂದರೆ ನಾವು ನಿಂತಿರುವಷ್ಟು ಹೊತ್ತೂ ಮುಂದಕ್ಕೆ ಬೀಳುತ್ತಲೇ ಇರುತ್ತೇವೆ. ಮೀನಖಂಡದ ಒಳಪದರದಲ್ಲಿರುವ ಸೋಲಿಯಸ್ ಸ್ನಾಯು ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮೂಲಕ ನಮ್ಮನ್ನು ಹಿಂದಕ್ಕೆ ಎಳೆದಿಟ್ಟಿರುತ್ತದೆ. ಬೇಗ ದಣಿಯದ ನಿಧಾನಗತಿಯ ತಂತುಗಳೇ ಅದರಲ್ಲಿ ಹೆಚ್ಚಾಗಿರುವುದರಿಂದ ಇದು ಸಾಧ್ಯವಾಗುತ್ತದೆ.

ಎರಡು ಕಾಲಿನಲ್ಲಿ ನಿಂತಾಗ ಅಕ್ಕಪಕ್ಕದ ಚಿಂತೆ ಹೆಚ್ಚಿಲ್ಲ. ಒಂದು ಕಾಲು ಎತ್ತಿದೊಡನೆ ಇಡೀ ದೇಹಕ್ಕೆ ಒಂದು ಅಂಗಾಲಿನ ಅಗಲವಷ್ಟೇ ಆಧಾರವಾಗಿ ಉಳಿಯುತ್ತದೆ. ಆಗ ಕೆಲಸಕ್ಕೆ ಇಳಿಯುವವು ಮೊಳಕಾಲಿನ ಕೆಳಗೆ ಎರಡು ಬದಿಗಳಲ್ಲಿರುವ ಸ್ನಾಯುಗಳು. ಹೊರಬದಿಯಲ್ಲಿ ಪೆರೋನಿಯಸ್ ಲಾಂಗಸ್ ಮತ್ತು ಬ್ರೆವಿಸ್, ಒಳಬದಿಯಲ್ಲಿ ಟಿಬಿಯಾಲಿಸ್ ಪೋಸ್ಟೀರಿಯರ್, ಮುಂಭಾಗದಲ್ಲಿ ಟಿಬಿಯಾಲಿಸ್ ಆಂಟೀರಿಯರ್. ಪೆರೋನಿಯಸ್ ಲಾಂಗಸ್‌ನ ರಜ್ಜು ಹೊರಗಂಟಿನ ಹಿಂದಿನಿಂದ ಇಳಿದು, ಅಂಗಾಲಿನ ಅಡಿಯಲ್ಲಿ ಅಡ್ಡ ಹಾದು, ಹೆಬ್ಬೆರಳಿನ ಬುಡದ ಮೂಳೆಯನ್ನು ಹಿಡಿದುಕೊಂಡಿದೆ. ನೀವು ಬಲಗಾಲಿನಲ್ಲಿ ನಿಂತು ಮೈ ಎಡಕ್ಕೆ, ಅಂದರೆ ಎತ್ತಿದ ಕಾಲಿನ ಕಡೆಗೆ ವಾಲಿದರೆ, ಈ ಸ್ನಾಯು ಹೆಬ್ಬೆರಳಿನ ಬುಡವನ್ನು ನೆಲಕ್ಕೆ ಒತ್ತುತ್ತದೆ. ನೆಲದ ಮೇಲಿನ ಒತ್ತಡದ ಕೇಂದ್ರ ಎಡಕ್ಕೆ ಸರಿದು ಗುರುತ್ವ ಕೇಂದ್ರವನ್ನು ದಾಟಿದಾಗ ದೇಹ ಬಲಕ್ಕೆ ಮರಳುತ್ತದೆ. ಮೈ ಬಲಕ್ಕೆ ವಾಲಿದರೆ ಟಿಬಿಯಾಲಿಸ್ ಜೋಡಿ ಪಾದದ ಹೊರ ಅಂಚನ್ನು ಒತ್ತುತ್ತದೆ. ನಿಮ್ಮ ಕಣ್ಣಿಗೆ ಕಂಡ ಕುಣಿತ ಇದೇ. ಅದು ರೋಗವಲ್ಲ, ಕೆಲಸ. ಚೆನ್ನಾಗಿ ನಿಲ್ಲುವವರಲ್ಲಿಯೂ ಅದು ನಿಲ್ಲುವುದಿಲ್ಲ, ಅಲೆ ಚಿಕ್ಕದಾಗುತ್ತದೆ ಅಷ್ಟೆ.

ಇನ್ನು ಉಳುಕಿನ ಮಾತು. ಪಾದ ಒಳಕ್ಕೆ ಹೊರಳಿ ಉಳುಕಿದಾಗ ಹೊರಬದಿಯ ಅಸ್ಥಿಬಂಧ, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಪಟ್ಟಿ, ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಆ ಅಸ್ಥಿಬಂಧದಲ್ಲಿ, ಕೀಲು ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳಿರುತ್ತವೆ. ಬಾವು ಇಳಿದ ಮೇಲೂ ಆ ಸುದ್ದಿ ಮೊದಲಿನಷ್ಟು ಸ್ಪಷ್ಟವಾಗಿ ಬರದಿರುವುದೇ ಗಂಟು ಮತ್ತೆ ಮತ್ತೆ ಉಳುಕಲು ಕಾರಣ ಎಂಬ ವಾದವನ್ನು 1965ರಲ್ಲಿ ಬ್ರಿಟನ್ನಿನ ಫ್ರೀಮನ್ ಮತ್ತು ಸಂಗಡಿಗರು ಮುಂದಿಟ್ಟರು. ಅಂಥವರಿಗೆ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನೇ ಚಿಕಿತ್ಸೆಯಾಗಿ ಕೊಡುವ ಪದ್ಧತಿ ಅಲ್ಲಿಂದ ಬೆಳೆಯಿತು. ನೋವು ಹೋದ ದಿನವೇ ಗುಣವಾಯಿತು ಎಂದುಕೊಂಡು ಅಭ್ಯಾಸ ಮಾಡದೆ ಬಿಡುವುದು ನಮ್ಮ ಕಡೆ ತೀರಾ ಸಾಮಾನ್ಯ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಉಳಿದ ಅರ್ಧ ಗುಣವಾಗುವುದಕ್ಕೆ ಹಣ ಬೇಡ, ಉಪಕರಣ ಬೇಡ.

ವಿಜ್ಞಾನದ ಮೇಷ್ಟ್ರು, ಕುಮಟಾ

ಮೇಡಂ ವಿವರಣೆ ಬಹಳ ಉಪಯುಕ್ತವಾಗಿದೆ. ಭೌತಶಾಸ್ತ್ರ ಕಲಿಸುವವನಾಗಿ, ಪಾದದ ಗಂಟಿನಷ್ಟೇ ಮುಖ್ಯವಾದ ಇನ್ನೊಂದು ಕೀಲಿನ ಲೆಕ್ಕವನ್ನು ಇಲ್ಲಿ ಸೇರಿಸಲು ಇಚ್ಛಿಸುತ್ತೇನೆ, ಅದು ಸೊಂಟದ ಕೀಲು.

60 ಕಿಲೋ ತೂಕದ ಒಬ್ಬರು ಬಲಗಾಲಿನ ಮೇಲೆ ನಿಂತಿದ್ದಾರೆ ಎಂದುಕೊಳ್ಳಿ. ಒಂದು ಕಾಲಿನ ತೂಕ ದೇಹದ ಆರನೆಯ ಒಂದು ಭಾಗದಷ್ಟು, ಸುಮಾರು 10 ಕಿಲೋ. ನಿಂತ ಕಾಲನ್ನು ಬಿಟ್ಟರೆ ಉಳಿದ 50 ಕಿಲೋ ತೂಕ ಬಲಬದಿಯ ಸೊಂಟದ ಕೀಲಿನ ಗುಂಡಿನ ಮೇಲೆ ಕೂತಿರುತ್ತದೆ, ಆದರೆ ನೇರವಾಗಿ ಅಲ್ಲ. ಆ ತೂಕದ ರೇಖೆ ಕೀಲಿನಿಂದ ಸುಮಾರು 10 ಸೆಂಟಿಮೀಟರ್ ಎಡಕ್ಕೆ ಹಾದುಹೋಗುತ್ತದೆ. ಹಾಗಾಗಿ ಸೊಂಟದ ಎಡಭಾಗ ಕೆಳಕ್ಕೆ ಜೋಲಲು ಹವಣಿಸುತ್ತದೆ. ಅದನ್ನು ತಡೆಯುವುದು ಸೊಂಟದ ಬಲಬದಿಯಲ್ಲಿ, ಪ್ಯಾಂಟಿನ ಜೇಬಿನ ಹಿಂದೆ ಕೈಗೆ ಸಿಗುವ ಗ್ಲೂಟಿಯಸ್ ಮೀಡಿಯಸ್ ಮತ್ತು ಅದರಡಿಯ ಗ್ಲೂಟಿಯಸ್ ಮಿನಿಮಸ್. ಆದರೆ ಆ ಸ್ನಾಯುಗಳಿಗೆ ಕೀಲಿನಿಂದ ಸಿಗುವ ಸನ್ನೆಯ ತೋಳು, ಅಂದರೆ ಕೀಲಿನಿಂದ ಎಳೆತದ ರೇಖೆಗಿರುವ ದೂರ, ಸುಮಾರು 5 ಸೆಂಟಿಮೀಟರ್ ಮಾತ್ರ. ತೋಳು ಅರ್ಧವಾದರೆ ಬಲ ಇಮ್ಮಡಿ ಬೇಕು: 50 ಕಿಲೋ ಹಿಡಿದಿಡಲು 100 ಕಿಲೋ ಎಳೆತ. ತೂಕ ಮತ್ತು ಎಳೆತ ಎರಡೂ ಕೀಲನ್ನು ಕೆಳಕ್ಕೆ ಒತ್ತುವುದರಿಂದ ಕೀಲಿನ ಮೇಲೆ ಬೀಳುವ ಭಾರ ಸುಮಾರು 150 ಕಿಲೋ, ಅಂದರೆ ದೇಹತೂಕದ ಎರಡೂವರೆ ಪಟ್ಟು. ಇದು ಸರಳಗೊಳಿಸಿದ ಲೆಕ್ಕ. ಆದರೂ ಕೃತಕ ಸೊಂಟದ ಕೀಲಿನೊಳಗೆ ಮಾಪಕ ಅಳವಡಿಸಿ ಅಳೆದಾಗ ಸಿಕ್ಕಿರುವ ಸಂಖ್ಯೆಗಳು ಇದಕ್ಕೆ ಹತ್ತಿರದಲ್ಲೇ ಇವೆ.

ಈ ಸ್ನಾಯು ಸೋತವರು ಒಂಟಿಕಾಲಿನಲ್ಲಿ ನಿಂತರೆ ಎದುರುಬದಿಯ ಸೊಂಟ ಜೋಲುವುದನ್ನು ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದರು. ಇಂದಿಗೂ ವೈದ್ಯರು ಮಾಡುವ ಆ ಪರೀಕ್ಷೆಗೆ ಅವರದೇ ಹೆಸರಿದೆ.

ಒಂದು ಸಂದೇಹವನ್ನೂ ಕೇಳಿಬಿಡುತ್ತೇನೆ. ದೇಹ ಮುಂದಕ್ಕೆ ವಾಲಿದಾಗ ಮೀನಖಂಡ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ಪ್ರತಿಯಾಗಿ ಕುಗ್ಗುತ್ತದೆ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ನಿಲ್ಲುವುದು ಅಷ್ಟು ಸರಳವಾದ ಪ್ರತಿವರ್ತನೆಯೇ?

ಕಡಲ ದಂಡೆ, ಕಾರವಾರ

ಮೇಷ್ಟ್ರೇ, ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿಯನ್ನೇ ನೀವು ಕೇಳಿದ್ದೀರಿ. ಸ್ನಾಯು ಹಿಗ್ಗಿದ ಸುದ್ದಿ ಬೆನ್ನುಹುರಿಗೆ ಹೋಗಿ ಆಜ್ಞೆ ಮರಳುವುದಕ್ಕೆ ಮೀನಖಂಡದಲ್ಲಿ ಸುಮಾರು 40 ಮಿಲಿಸೆಕೆಂಡ್ ಬೇಕು. ಮಿದುಳಿನ ಕೇಂದ್ರಗಳನ್ನು ಸುತ್ತಿ ಬರುವ ಉತ್ತರಕ್ಕೆ 100 ಮಿಲಿಸೆಕೆಂಡ್ ಆಸುಪಾಸು ಹಿಡಿಯುತ್ತದೆ. ನಾವು ಬೇಕೆಂದೇ ಮಾಡುವ ಚಲನೆ ಅದಕ್ಕಿಂತಲೂ ತಡ. ಬರೀ ಪ್ರತಿವರ್ತನೆಯನ್ನೇ ನಂಬಿದರೆ ಉತ್ತರ ಸದಾ ತಡವಾಗಿಯೇ ಬರುತ್ತದೆ.

2004ರಲ್ಲಿ ಬ್ರಿಟನ್ನಿನ ಲೋರಮ್, ಮಗನಾರಿಸ್ ಮತ್ತು ಲೇಕಿ ಎಂಬ ಸಂಶೋಧಕರು ನಿಂತವರ ಮೀನಖಂಡವನ್ನು ಅಲ್ಟ್ರಾಸೌಂಡ್ ಮೂಲಕ ನೋಡಿದರು. ದೇಹ ಮುಂದಕ್ಕೆ ವಾಲಿದಾಗ ಸ್ನಾಯು ಹಿಗ್ಗುವ ಬದಲು ಕುಗ್ಗುತ್ತಿತ್ತು, ಹಿಂದಕ್ಕೆ ಬಂದಾಗ ಉದ್ದವಾಗುತ್ತಿತ್ತು. ಹಿಗ್ಗುತ್ತಿದ್ದದ್ದು ಅಕಿಲಿಸ್ ರಜ್ಜು. ಅದು ಬಹಳ ಬಿಗಿಯಾದ ಹಗ್ಗವಲ್ಲ, ತುಸು ಎಳೆದರೆ ಬರುವ ರಜ್ಜು; ಅದರ ಬಿಗುವೊಂದೇ ದೇಹವನ್ನು ಹಿಡಿದಿಡಲು ಸಾಲದು. ಆದ್ದರಿಂದ ಸ್ನಾಯು ಸೆಕೆಂಡಿಗೆ ಎರಡು ಮೂರು ಬಾರಿ ಸಣ್ಣ ಸಣ್ಣ ಎಳೆತಗಳನ್ನು ಕೊಟ್ಟು, ಬೀಳುತ್ತಿರುವ ದೇಹವನ್ನು ಮತ್ತೆ ಮತ್ತೆ ಹಿಡಿಯುತ್ತಿರುತ್ತದೆ. ಅಡಿಕೆ ದೋಟಿಯನ್ನು ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಲು ಯತ್ನಿಸಿದವರಿಗೆ ಇದು ಗೊತ್ತು: ಕೈ ಕದಲದಿದ್ದರೆ ದೋಟಿ ಬೀಳುತ್ತದೆ, ಬಿದ್ದಾದ ಮೇಲೆ ಕೈ ಕದಲಿಸಿ ಪ್ರಯೋಜನವಿಲ್ಲ. ಅದು ಎತ್ತ ವಾಲಲಿದೆ ಎಂಬುದನ್ನು ಮುಂಚಿತವಾಗಿ ಅಂದಾಜು ಮಾಡಬೇಕು. ಈ ಅಂದಾಜಿನ ಕೆಲಸದಲ್ಲಿ ಕಿರುಮಿದುಳಿನ ಪಾಲು ದೊಡ್ಡದು.

ಗೆಜ್ಜೆ ಕಟ್ಟುವವರು, ಹೊನ್ನಾವರ

ಮಕ್ಕಳಿಗೆ ಬಡಗುತಿಟ್ಟಿನ ಯಕ್ಷಗಾನದ ಹೆಜ್ಜೆ ಕಲಿಸುವವನು ನಾನು. ಒಂದು ಕಾಲನ್ನು ಎತ್ತಿ ಹಿಡಿದು ಭಂಗಿಯಲ್ಲಿ ನಿಲ್ಲುವುದು ಹೊಸಬರಿಗೆ ಕಬ್ಬಿಣದ ಕಡಲೆ. ಚೆಂಡೆಯ ಪೆಟ್ಟಿಗೆ ಸರಿಯಾಗಿ ಕಾಲೆತ್ತುತ್ತಾರೆ, ಮರುಕ್ಷಣ ಭುಜ ಬಿಗಿಯುತ್ತಾರೆ, ಉಸಿರು ಹಿಡಿಯುತ್ತಾರೆ, ವಾಲುತ್ತಾರೆ. ಎದುರಿನ ಗೋಡೆಯ ಒಂದು ಗುರುತಿನ ಮೇಲೆ ಕಣ್ಣು ನೆಡಲು ಹೇಳಿದರೆ ಕೂಡಲೇ ಸುಧಾರಿಸುತ್ತದೆ. ತಲೆಗೆ ಕಿರೀಟ ಕಟ್ಟಿದ ದಿನ ಮತ್ತೆ ಮೊದಲಿನಿಂದ ಶುರು. ತೊಡೆ ಗಟ್ಟಿಯಾದರೆ ಎಲ್ಲ ಸರಿಹೋಗುತ್ತದೆ ಎಂಬುದು ನಾವು ಕೇಳಿಕೊಂಡು ಬಂದ ಮಾತು, ಆದರೆ ತೊಡೆ ಗಟ್ಟಿ ಇರುವ ದೊಡ್ಡ ಹುಡುಗರೇ ಹೆಚ್ಚು ವಾಲುವುದನ್ನು ಕಂಡಿದ್ದೇನೆ. ಇದಕ್ಕೆ ಏನು ಕಾರಣ?

ಕಡಲ ದಂಡೆ, ಕಾರವಾರ

ಗುರುಗಳೇ, ಮಂಡಿ ನೆಟ್ಟಗಿದ್ದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ನಿಲ್ಲಿಸುವ ಕೆಲಸ ಬಹಳ ಕಡಿಮೆ. ಮಂಡಿ ಮಡಿಸಿ ತಗ್ಗಿ ನಿಂತರೆ ಮಾತ್ರ ಅದು ಜೋರಾಗಿ ದುಡಿಯಬೇಕಾಗುತ್ತದೆ, ನಿಮ್ಮ ಕುಣಿತದಲ್ಲಿ ಅಂಥ ಭಂಗಿಗಳು ಧಾರಾಳವಾಗಿರುವುದರಿಂದ ಹಿರಿಯರ ಮಾತು ಆಧಾರವಿಲ್ಲದ್ದೇನಲ್ಲ. ಆದರೆ ತೊಡೆಯ ಆ ಶಕ್ತಿ ಪಾದದ ಗಂಟಿನ ಅಕ್ಕಪಕ್ಕದ ಹೊಯ್ದಾಟವನ್ನು ತಡೆಯಲಾರದು.

ಮಕ್ಕಳು ಮೈ ಬಿಗಿಯುವುದರ ಬಗ್ಗೆ ನೀವು ಹೇಳಿದ್ದು ಬಹಳ ಸೂಕ್ಷ್ಮವಾದ ಗಮನಿಕೆ. ಬೀಳುವ ಭಯವಾದಾಗ ಕಾಲಿನ ಮುಂದಿನ ಮತ್ತು ಹಿಂದಿನ ಸ್ನಾಯುಗಳು ಏಕಕಾಲಕ್ಕೆ ಬಿಗಿದುಕೊಂಡು ಕೀಲನ್ನು ಕಟ್ಟಿಹಾಕುತ್ತವೆ. ಹಾಗಾದಾಗ ಅಳೆದು ತೂಗಿ ಸರಿಪಡಿಸುವ ಅವಕಾಶವೇ ಉಳಿಯುವುದಿಲ್ಲ. ಅಭ್ಯಾಸವಾದಂತೆ ಈ ಅನಗತ್ಯ ಬಿಗಿತ ಕಡಿಮೆಯಾಗುತ್ತದೆ. ಬೇಕಾದ ಸ್ನಾಯು ಬೇಕಾದ ಹೊತ್ತಿಗೆ ಮಾತ್ರ ಎಳೆಯುತ್ತದೆ. ಕಿರೀಟ ಗುರುತ್ವ ಕೇಂದ್ರವನ್ನು ಮೇಲಕ್ಕೆ ಸರಿಸುತ್ತದೆ. ಅಲ್ಲದೆ ತಲೆಯ ಒಂದು ಸಣ್ಣ ವಾಲುವಿಕೆಗೂ ಅಲ್ಲಿ ತೂಕ ಬಂದುಬಿಡುತ್ತದೆ, ಆದ್ದರಿಂದ ಹಳೆಯ ಅಂದಾಜುಗಳನ್ನು ಮಿದುಳು ಹೊಸದಾಗಿ ಕಲಿಯಬೇಕು.

ಕಣ್ಣು ನೆಡುವುದೂ ಅಷ್ಟೇ ಮುಖ್ಯ. ಸಮತೋಲದ ಸುದ್ದಿ ಮೂರು ಕಡೆಯಿಂದ ಬರುತ್ತದೆ: ಕಣ್ಣು, ಒಳಕಿವಿ, ಮತ್ತು ಅಂಗಾಲಿನ ಚರ್ಮ, ಸ್ನಾಯು, ಕೀಲುಗಳ ಅರಿವು. ಒಂಟಿಕಾಲಿನಲ್ಲಿ ನಿಂತಾಗ ಕಣ್ಣಿನ ಪಾಲು ಎಷ್ಟು ದೊಡ್ಡದೆಂಬುದಕ್ಕೆ 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಸಂಖ್ಯೆಗಳನ್ನು ನೋಡಿ. ಗರಿಷ್ಠ 45 ಸೆಕೆಂಡಿನ ಪರೀಕ್ಷೆಯಲ್ಲಿ 40 ವರ್ಷದೊಳಗಿನವರು ಕಣ್ಣು ತೆರೆದು ಸರಾಸರಿ 43 ಸೆಕೆಂಡ್ ನಿಂತರೆ, ಕಣ್ಣು ಮುಚ್ಚಿ ನಿಂತದ್ದು 9 ಸೆಕೆಂಡಿನ ಆಸುಪಾಸು. 60ರಿಂದ 69 ವಯಸ್ಸಿನವರಲ್ಲಿ ಅದು ಸುಮಾರು 27 ಸೆಕೆಂಡ್ ಮತ್ತು 3 ಸೆಕೆಂಡಿಗೂ ಕಡಿಮೆ. ತೋಟದ ದಾರಿಯವರು ಕಣ್ಣು ಮುಚ್ಚಿದಾಗ ಎರಡೂ ಕಾಲಿನಲ್ಲಿ ತಡವರಿಸಿದ್ದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ.

ಬೈತಕೋಲದ ಬಲೆ, ಕಾರವಾರ

ದೋಣಿಯ ಮೇಲೆ ನಿಲ್ಲುವವರ ಮಾತನ್ನೂ ಒಂದು ಹೇಳುತ್ತೇನೆ. ಬಲೆ ಎಳೆಯುವಾಗ ನಾವು ಯಾರೂ ಮಂಡಿ ನೆಟ್ಟಗೆ ಇಟ್ಟು ನಿಲ್ಲುವುದಿಲ್ಲ. ಹೊಸದಾಗಿ ಬಂದ ಹುಡುಗರು ನೆಟ್ಟಗೆ ನಿಂತು, ಅಲೆ ಬಂದಾಗ ಪಾದದಿಂದ ಹಿಡಿಯಲು ಹೋಗಿ ಬೀಳುತ್ತಾರೆ. ಹಳಬರು ಸೊಂಟದಿಂದ ಆಡುತ್ತಾರೆ. ಭುಜ ಮತ್ತು ತಲೆ ಹೆಚ್ಚು ಕದಲುವುದಿಲ್ಲ, ನಡುವಿನಿಂದ ಕೆಳಗೆ ಎಲ್ಲವೂ ಅಲೆಯ ಜೊತೆ ಹೋಗುತ್ತದೆ. ಸಂಕದ ಮೇಲೆಯೂ ಹೀಗೆಯೇ ಇರಬೇಕು ಎಂದು ನನ್ನ ಅನಿಸಿಕೆ.

ಕಡಲ ದಂಡೆ, ಕಾರವಾರ

ನೀವು ಅನುಭವದಿಂದ ಹೇಳಿದ್ದನ್ನೇ ಅಮೆರಿಕದ ನ್ಯಾಶ್ನರ್ ಮತ್ತು ಅವರ ಸಹೋದ್ಯೋಗಿಗಳು ಕದಲುವ ವೇದಿಕೆಯ ಮೇಲೆ ಜನರನ್ನು ನಿಲ್ಲಿಸಿ ಪ್ರಯೋಗಗಳಿಂದ ತೋರಿಸಿದ್ದಾರೆ. ಗಟ್ಟಿಯಾದ, ಅಗಲವಾದ ನೆಲದ ಮೇಲೆ ಸಣ್ಣ ತಳ್ಳುವಿಕೆ ಬಂದರೆ ಪಾದದ ಗಂಟೇ ಸಾಕು. ಪಾದಕ್ಕಿಂತ ಕಿರಿದಾದ ಆಧಾರದ ಮೇಲೆ ನಿಂತಾಗ ಪಾದ ಎಷ್ಟು ಒತ್ತಿದರೂ ಒತ್ತಡದ ಕೇಂದ್ರವನ್ನು ಸರಿಸಲು ಜಾಗವೇ ಇರುವುದಿಲ್ಲ, ಆಗ ಸೊಂಟ ಕೆಲಸ ವಹಿಸಿಕೊಳ್ಳುತ್ತದೆ. ಅಡಿಕೆ ಮರದ ಸಂಕದಲ್ಲಿ ಆಗುವುದು ಇದೇ. ಕಾಂಡ ದುಂಡಗಿರುವುದರಿಂದ ಹೆಬ್ಬೆರಳಿನ ಬುಡಕ್ಕಾಗಲಿ ಕಿರುಬೆರಳಿನ ಅಂಚಿಗಾಗಲಿ ಒತ್ತಲು ಗಟ್ಟಿ ನೆಲ ಸಿಗುವುದಿಲ್ಲ. ಪೆರೋನಿಯಸ್ ಎಳೆದರೂ ಪಾದ ಉರುಳುತ್ತದೆಯೇ ಹೊರತು ದೇಹ ಮರಳುವುದಿಲ್ಲ. ಆದ್ದರಿಂದಲೇ ದಾಟುವವರ ತೋಳುಗಳು ತಾವಾಗಿ ಅಗಲವಾಗುತ್ತವೆ, ಮುಂಡ ಒಂದು ಕಡೆ ಬಳುಕಿ ಸೊಂಟ ಇನ್ನೊಂದು ಕಡೆ ಸರಿಯುತ್ತದೆ.

ನಡಿಗೆಯಲ್ಲಿ ಹೆಚ್ಚುಕಡಿಮೆ ಶೇಕಡ 80ರಷ್ಟು ಹೊತ್ತು ನಾವು ಒಂದೇ ಕಾಲಿನ ಮೇಲೆ ಇರುತ್ತೇವೆ, ಎರಡೂ ಪಾದಗಳು ನೆಲದಲ್ಲಿರುವುದು ಉಳಿದ ಶೇಕಡ 20ರಲ್ಲಿ ಮಾತ್ರ. ಸಂಕ ಬಿಡಿ, ಅಂಗಳದ ನಡಿಗೆಗೂ ಒಂಟಿಕಾಲಿನ ಸಮತೋಲವೇ ಬುನಾದಿ.

ಮುಂಡಿಗೆಕೆರೆ ದಂಡೆಯ ಓದುಗ, ಸೋಂದಾ

ನಮ್ಮ ಕೆರೆಯ ಬೆಳ್ಳಕ್ಕಿಗಳು ಗಂಟೆಗಟ್ಟಲೆ ಒಂಟಿಕಾಲಿನಲ್ಲಿ ನಿದ್ದೆ ಹೋಗುತ್ತವಲ್ಲ, ಅವುಗಳಿಗೆ ಈ ಕಷ್ಟ ಇಲ್ಲವೇ?

ವಿಜ್ಞಾನದ ಮೇಷ್ಟ್ರು, ಕುಮಟಾ

ಬೆಳ್ಳಕ್ಕಿಯ ಬಗ್ಗೆ ಹೇಳಲಾರೆ, ಆದರೆ ರಾಜಹಂಸಗಳ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೆ. ಸತ್ತ ರಾಜಹಂಸದ ದೇಹವನ್ನು ಕೂಡ ಒಂಟಿಕಾಲಿನ ಭಂಗಿಯಲ್ಲಿ ನಿಲ್ಲಿಸಲು ಸಾಧ್ಯವಾಯಿತು, ಎರಡು ಕಾಲಿನ ಭಂಗಿಯಲ್ಲಿ ಆಗಲಿಲ್ಲ. ಅಂದರೆ ಅವುಗಳ ಕೀಲುಗಳು ತೂಕದಿಂದಲೇ ಸ್ಥಿರಗೊಳ್ಳುತ್ತವೆ, ಸ್ನಾಯುವಿನ ದುಡಿಮೆ ಬಹಳ ಕಡಿಮೆ. ಮನುಷ್ಯನ ಕಾಲಿಗೆ ಆ ಸೌಕರ್ಯವಿಲ್ಲ.

ಅಂಕೋಲೆಯ ಮಗಳು

ಇಷ್ಟು ವಿವರವಾದ ಚರ್ಚೆಗೆ ಧನ್ಯವಾದಗಳು. ನನ್ನ ಅಮ್ಮನಿಗೆ ಎಪ್ಪತ್ತು ದಾಟಿದೆ, ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ, 10 ಸೆಕೆಂಡ್ ಒಂಟಿಕಾಲಿನಲ್ಲಿ ನಿಲ್ಲಲಾಗದವರು ಏಳು ವರ್ಷದೊಳಗೆ ಸಾಯುತ್ತಾರೆ ಎಂಬ ಸಂದೇಶ ಬಂದಿತ್ತು. ಅಮ್ಮ ಪ್ರಯತ್ನಿಸಿ, ಆಗದೆ, ಬಹಳ ನೊಂದುಕೊಂಡಿದ್ದಾರೆ. ಅಲ್ಲದೆ ಅವರ ಬಲ ಸೊಂಟದಲ್ಲಿ ನೋವಿದೆ, ಬಲಗೈಯಲ್ಲೇ ಊರುಗೋಲು ಹಿಡಿದು ನಡೆಯುತ್ತಾರೆ. ದಯವಿಟ್ಟು ಮಾರ್ಗದರ್ಶನ ಮಾಡಿ.

ಕಡಲ ದಂಡೆ, ಕಾರವಾರ

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಆ ಸಂದೇಶದ ಮೂಲ 2022ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನ. 51ರಿಂದ 75 ವಯಸ್ಸಿನ 1702 ಜನರಲ್ಲಿ ಐದರಲ್ಲಿ ಒಬ್ಬರಷ್ಟು 10 ಸೆಕೆಂಡ್ ನಿಲ್ಲಲಾಗಲಿಲ್ಲ, ಮುಂದಿನ ಸುಮಾರು ಏಳು ವರ್ಷಗಳಲ್ಲಿ ಅಂಥವರಲ್ಲಿ ಸಾವಿನ ಅಪಾಯ ಶೇಕಡ 84ರಷ್ಟು ಹೆಚ್ಚಾಗಿ ಕಂಡಿತು. ನಿಲ್ಲಲಾಗದವರೆಲ್ಲ ಸತ್ತರು ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ನಿಲ್ಲಲಾಗದಿರುವುದೇ ಸಾವಿಗೆ ಕಾರಣ ಎಂದೂ ಇಲ್ಲ. ನಿಲ್ಲಲಾಗದವರ ಗುಂಪಿನಲ್ಲಿ ಸಕ್ಕರೆ ಕಾಯಿಲೆಯಂಥ ತೊಂದರೆಗಳೂ ಹೆಚ್ಚಾಗಿದ್ದವು. ವಯಸ್ಸಾದವರನ್ನು ಹೆದರಿಸುವ ಇಂಥ ಸಂದೇಶಗಳನ್ನು ಮುಂದೆ ಕಳಿಸುವವರು ಒಂದು ಕ್ಷಣ ಯೋಚಿಸಬೇಕು. ಆ ಹೆದರಿಕೆಯಿಂದ ಮೈ ಬಿಗಿದು ನಡೆಯುವುದೇ ಬೀಳುವುದಕ್ಕೆ ದಾರಿಯಾಗುತ್ತದೆ.

ಅಮ್ಮನ ವಿಷಯದಲ್ಲಿ ಸ್ನಾಯುವಿಗಿಂತ ಮೊದಲು ಅಂಗಾಲನ್ನು ಪರೀಕ್ಷಿಸಬೇಕು. ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂದಗೊಳಿಸುತ್ತದೆ. ಒತ್ತಡ ಎಲ್ಲಿ ಬೀಳುತ್ತಿದೆ ಎಂಬ ಸುದ್ದಿಯೇ ಬಾರದಿದ್ದರೆ ಗಟ್ಟಿ ಸ್ನಾಯುವೂ ಏನು ಮಾಡೀತು? ಬಿ12 ಜೀವಸತ್ವದ ಕೊರತೆಯೂ ಬೆನ್ನುಹುರಿಯಲ್ಲಿ ಇದೇ ಸುದ್ದಿಯ ದಾರಿಯನ್ನು ಹಾಳುಗೆಡವುತ್ತದೆ. ಶುದ್ಧ ಸಸ್ಯಾಹಾರಿಗಳಲ್ಲಿ ಮತ್ತು ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅದು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಅಭ್ಯಾಸಕ್ಕೆ ಅಡುಗೆಮನೆಯ ಕಟ್ಟೆಯ ಬಳಿ ನಿಲ್ಲಿಸಿ. ಎರಡು ಬೆರಳ ತುದಿಯಿಂದ ಕಟ್ಟೆಯನ್ನು ಮುಟ್ಟಿಕೊಂಡಿರಲಿ, ಭಾರ ಹಾಕುವುದು ಬೇಡ. ನೂರು ಗ್ರಾಮಿಗಿಂತ ಕಡಿಮೆ ಒತ್ತುವ ಹಗುರ ಸ್ಪರ್ಶವೂ ದೇಹದ ಹೊಯ್ದಾಟವನ್ನು ತಗ್ಗಿಸುತ್ತದೆ ಎಂದು 1990ರ ದಶಕದಲ್ಲಿ ಜೆಕಾ ಮತ್ತು ಲ್ಯಾಕ್ನರ್ ತೋರಿಸಿದ್ದಾರೆ. ಅಂಗಾಲು ಹೇಳಲಾರದ್ದನ್ನು ಬೆರಳ ತುದಿ ಹೇಳುತ್ತದೆ. ಮೊದಲು ಒಂದು ಪಾದದ ಮುಂದೆ ಇನ್ನೊಂದನ್ನು ಇಟ್ಟು ನಿಲ್ಲುವುದು, ಅದು ಹಗುರಾದ ಮೇಲೆ ಒಂದು ಹಿಮ್ಮಡಿ ಎತ್ತುವುದು, ಆಮೇಲೆ ಪಾದ ಎತ್ತುವುದು. ಹತ್ತಿರ ಒಬ್ಬರು ಇರಲೇಬೇಕು. ಬಲ ಸೊಂಟದ ನೋವಿಗೆ ಕಾರಣ ತಿಳಿಯುವವರೆಗೆ ಬಲಗಾಲಿನ ಮೇಲೆ ಒಂಟಿಯಾಗಿ ನಿಲ್ಲಿಸುವುದು ಬೇಡ.

ತೋಟದ ದಾರಿಯವರೇ, ನಿಮಗೂ ಇದೇ ಕ್ರಮ, ಆದರೆ ಬರಿಗಾಲಿನಲ್ಲಿ ಮತ್ತು ಮುಂದಿನ ಹಂತಗಳೊಂದಿಗೆ: ನಿಂತಲ್ಲೇ ತಲೆ ತಿರುಗಿಸುವುದು, ಮಡಿಸಿದ ಕಂಬಳಿಯ ಮೇಲೆ ನಿಲ್ಲುವುದು, ಕೊನೆಗೆ ಕಣ್ಣು ಮುಚ್ಚುವುದು. ದೋಟಿಯಲ್ಲಿ ಅಡಿಕೆ ಕೊನೆ ಕೊಯ್ಯುವಾಗ ತಲೆ ಪೂರ್ತಿ ಮೇಲಕ್ಕೆತ್ತಿದರೆ ಹೊಯ್ದಾಟ ಹೆಚ್ಚುತ್ತದೆ, ಆ ಹೊತ್ತಿನಲ್ಲಿ ಎರಡೂ ಪಾದಗಳನ್ನು ಅಗಲಿಸಿ ಊರಿಕೊಳ್ಳಿ. ಊರುಗೋಲಿನ ಲೆಕ್ಕವನ್ನು ಮೇಷ್ಟ್ರೇ ಹೇಳಿದರೆ ಚೆನ್ನ.

ವಿಜ್ಞಾನದ ಮೇಷ್ಟ್ರು, ಕುಮಟಾ

ತಂಗೀ, ನೋವು ಬಲ ಸೊಂಟದಲ್ಲಿದ್ದರೆ ಕೋಲು ಎಡಗೈಯಲ್ಲಿರಬೇಕು. ಹಿಂದಿನ ಲೆಕ್ಕವನ್ನೇ ಮುಂದುವರಿಸುತ್ತೇನೆ. ಬಲಗಾಲಿನ ಮೇಲೆ ನಿಂತಾಗ ಎಡಗೈಯ ಕೋಲು ಬಲ ಸೊಂಟದ ಕೀಲಿನಿಂದ ಸುಮಾರು 40 ಸೆಂಟಿಮೀಟರ್ ದೂರ ಇರುತ್ತದೆ ಎಂದುಕೊಳ್ಳಿ. ಆ ಕೋಲಿನ ಮೇಲೆ 5 ಕಿಲೋ ಭಾರ ಹಾಕಿದರೆ, ಜೋಲುವ ಎಡಭಾಗಕ್ಕೆ 5 ಗುಣಿಸು 40, ಅಂದರೆ 200ರಷ್ಟು ಆಸರೆ ಸಿಗುತ್ತದೆ. ಒಟ್ಟು ಬೇಕಾದದ್ದು 50 ಗುಣಿಸು 10, ಅಂದರೆ 500. ಸ್ನಾಯುವಿನ ಪಾಲಿಗೆ ಉಳಿಯುವುದು 300, ಅದರ 5 ಸೆಂಟಿಮೀಟರ್ ತೋಳಿಗೆ 60 ಕಿಲೋ ಎಳೆತ ಸಾಕು. ಕೋಲು ಹೊತ್ತ 5 ಕಿಲೋವನ್ನೂ ಕಳೆದರೆ ಕೀಲಿನ ಮೇಲಿನ ಭಾರ 150ರಿಂದ 105 ಕಿಲೋಗೆ ಇಳಿಯುತ್ತದೆ. ಬಲಗೈಯಲ್ಲೇ ಹಿಡಿದರೆ ಕೋಲು ಕೀಲಿನ ಹೊರಬದಿಗೆ ಬರುತ್ತದೆ, ಜೋಲುವ ಬದಿಗೆ ಅದರಿಂದ ಈ ಆಸರೆ ಸಿಗುವುದಿಲ್ಲ. ನಡೆಯುವಾಗ ಬಲಗಾಲು ಮತ್ತು ಎಡಗೈಯ ಕೋಲು ಒಟ್ಟಿಗೇ ಮುಂದೆ ಹೋಗಿ ಒಟ್ಟಿಗೇ ನೆಲ ಮುಟ್ಟಬೇಕು. ನೆಟ್ಟಗೆ ನಿಂತು ತೋಳು ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರುವಷ್ಟು ಉದ್ದವಿದೆಯೇ ಎಂದು ನೋಡಿ, ತುದಿಯ ರಬ್ಬರ್ ಸವೆದಿದ್ದರೆ ಮಳೆ ಶುರುವಾಗುವ ಮೊದಲೇ ಬದಲಾಯಿಸಿಕೊಡಿ.